ಬಾಂಡ್ಲಿ ಹೇಳಿದ ಲೆಕ್ಕ

ಚಿಕ್ಕಪೇಟೆ, ಬಳೇಪೇಟೆಯ ಸಂದಿಗಳಲ್ಲಿ ಹಳೆ ಮನೆ ಕೆಡವಿ ಮಹಡಿ ಏರಿಸುವಾಗ ಕಾಂಕ್ರೀಟ್ ತಲುಪಿಸುವುದು ಹೇಗೆಂದು ಎಂಜಿನಿಯರನ್ನು ಕೇಳುತ್ತಾರೆ, ಮೇಸ್ತ್ರಿಯನ್ನು ಕೇಳುತ್ತಾರೆ. ಕೊನೆಯ ನೂರು ಅಡಿ ಅದನ್ನು ಒಯ್ಯುವ ಬಾಂಡ್ಲಿಯನ್ನು ಕೇಳಿದವರಿಲ್ಲ. ಆ ಕೊರತೆ ನೀಗಲೆಂದು ಈ ಮಾತುಕತೆ.

ದುಬೈನ ಬುರ್ಜ್ ಖಲೀಫಾದಲ್ಲಿ 2008ರಲ್ಲೇ ಕಾಂಕ್ರೀಟನ್ನು 606 ಮೀಟರ್ ಮೇಲಕ್ಕೆ ಪಂಪ್ ಮಾಡಿದರು. ನಿಮ್ಮನ್ನಿನ್ನೂ ತಲೆಮೇಲೆ ಹೊರುತ್ತಿರುವುದು ನಾಚಿಕೆಯಲ್ಲವೇ?

ನಾಚಿಕೆ ನನಗೇಕೆ ಸ್ವಾಮಿ, ಕತ್ತು ನೋಯುವುದು ಹೊರುವ ಹೆಂಗಸಿಗೆ. ಅಲ್ಲಿ ಪಂಪು, ಪೈಪು, ಬೇಸಿಗೆಯಲ್ಲಿ ರಾತ್ರಿ ಪಾಳಿ, ಮಿಶ್ರಣಕ್ಕೆ ಐಸು ಎಲ್ಲವನ್ನೂ ಮೊದಲೇ ಯೋಚಿಸಿ ದುಡ್ಡಿಟ್ಟಿದ್ದರು. ನಮ್ಮ ಎಸ್ಟಿಮೇಟು ಸಂದಿಯ ಬಾಯಲ್ಲೇ ಮುಗಿದುಹೋಗುತ್ತದೆ. ರೆಡಿಮಿಕ್ಸ್ ಲಾರಿಯಲ್ಲಿ 6 ಘನ ಮೀಟರ್, ಅಂದರೆ 14 ಟನ್ನಿಗೂ ಮೇಲೆ. ನನಗೆ 15 ಕೆಜಿ ಹಿಡಿಯುತ್ತದೆಂದು ಇಟ್ಟುಕೊಂಡರೆ 960 ಸಲ ತುಂಬಬೇಕು. ಲೋಡ್ ಆದ ಎರಡು ಗಂಟೆಯೊಳಗೆ ಸುರಿದು ಮುಗಿಸಿ ಎನ್ನುತ್ತದೆ 2003ರ ಐಎಸ್ 4926. ಟ್ರಾಫಿಕ್ಕಿನಲ್ಲಿ ಒಂದು ಗಂಟೆ ಕಳೆದರೆ ಉಳಿದ ಗಂಟೆಯಲ್ಲಿ ಹೆಚ್ಚುಕಡಿಮೆ ನಾಲ್ಕು ಸೆಕೆಂಡಿಗೊಂದು ಬಾಂಡ್ಲಿ ಮೇಲೇರಬೇಕು. ಎದುರಿಗೊಂದು ಸ್ಕೂಟರ್ ಬಂದರೂ ಲೆಕ್ಕ ಕೆಟ್ಟಿತು.

ಬೇಗ ಬಿಗಿಯದಂತೆ ತಡೆಯುವ ರಾಸಾಯನಿಕ ಇದೆಯಲ್ಲ? ಅದಿದ್ದರೆ ಹೆಚ್ಚು ಹೊತ್ತು ಬಿಡಬಹುದೆಂದು ಅದೇ ನಿಯಮ ಹೇಳುತ್ತದೆ.

ಹೇಳುತ್ತದೆ, ನಿಜ. ರಾಸಾಯನಿಕದಿಂದ ಹೊತ್ತು ಹಿಗ್ಗೀತು, ಸಂದಿ ಅಗಲವಾಗುವುದಿಲ್ಲ; 960 ಹಾಗೇ ಉಳಿಯುತ್ತದೆ. ಆ ಹೆಚ್ಚಿನ ಹೊತ್ತೂ ಮೊದಲೇ ಯೋಚಿಸಿ ರಾಸಾಯನಿಕ ಹಾಕಿಸಿದವರಿಗೆ ಮಾತ್ರ. ಉಳಿದವರ ರಾಸಾಯನಿಕ ನಲ್ಲಿಯಲ್ಲಿ ಬರುತ್ತದೆ. ಡ್ರಮ್ಮಿನೊಳಗಿನದು ಗಟ್ಟಿಯಾಗುತ್ತಿದ್ದಂತೆ ಯಾರೋ 'ಒಂದು ಬಕೆಟ್ ನೀರು ಬಿಡಪ್ಪಾ' ಅನ್ನುತ್ತಾರೆ. ಸಾಧಾರಣ ಆರ್‌ಸಿಸಿಗೆ ಐಎಸ್ 456 ಕೊಡುವ ಗರಿಷ್ಠ ಮಿತಿ, ಸಿಮೆಂಟಿನ ತೂಕದ 0.55 ಪಾಲು ನೀರು. 50 ಕೆಜಿ ಮೂಟೆಗೆ ಇಪ್ಪತ್ತೇಳೂವರೆ ಲೀಟರ್, ಮರಳಿನ ತೇವವೂ ಅದರಲ್ಲೇ ಸೇರಿತು. ಮಿತಿ ಮೀರಿ ಸುರಿದ ನೀರು ಆರಿದ ಜಾಗದಲ್ಲಿ ಸಣ್ಣ ರಂಧ್ರಗಳು ಉಳಿಯುತ್ತವೆ. ಬಲ ಕುಗ್ಗುತ್ತದೆ, ಕಂಬಿಗೆ ತುಕ್ಕು ಹಿಡಿಯುತ್ತದೆ. ದೂರನ್ನು ಮಾತ್ರ ಸಿಮೆಂಟ್ ಕಂಪನಿಯ ಮೇಲೆ ಹೊರಿಸುತ್ತಾರೆ. (ನಾನೇನೂ ಆ ಕಂಪನಿಗಳ ವಕೀಲನಲ್ಲ.)

ಇದಕ್ಕೆಲ್ಲ ಪಂಪೇ ದಾರಿ ಎಂದರೆ, ಪುಟ್ಟ ಮನೆಯವರು ಅದರ ಬಾಡಿಗೆ ಎಲ್ಲಿಂದ ತರಬೇಕು?

ತರಲಾಗದಿದ್ದರೆ ಲಾರಿಯನ್ನೇ ಕರೆಯಬೇಡಿ. ಒಣ ಜಲ್ಲಿ, ಎಂ-ಸ್ಯಾಂಡ್, ಮೂಟೆಗಳನ್ನು ನಾಲ್ಕು ದಿನ ಮುಂಚೆ ನಿಧಾನಕ್ಕೆ ಒಳಗೆ ಸಾಗಿಸಿ, ಅಲ್ಲೇ ಸಣ್ಣ ಮಿಕ್ಸರ್ ಹೂಡಿ. ನೀರು ಬಿದ್ದ ಮೇಲೆ ತಾನೇ ಗಡಿಯಾರ ಓಡುವುದು? 20x30 ಸೈಟಿನಲ್ಲಿ ಅಷ್ಟು ಸಾಮಾನು ಇಡಲು ಜಾಗವಿರುವುದಿಲ್ಲ ಎಂಬುದೂ ಸರಿಯೇ. ಹಾಗಿದ್ದರೆ ಪಕ್ಕದ ಮನೆಯವರ ಕೈಕಾಲು ಹಿಡಿದು ಅವರ ಕಾಂಪೌಂಡಿನ ಮೇಲೆ ಪೈಪ್ ಹಾಯಿಸಿ, ಬಾಡಿಗೆಯನ್ನು ಎಸ್ಟಿಮೇಟಿಗೇ ಸೇರಿಸಿ. ಗೃಹಪ್ರವೇಶದ ಊಟಕ್ಕೆ ತೆಗೆದಿಡುವ ದುಡ್ಡಿನಲ್ಲಿ ಒಂದು ಪಾಲು ಸಾಕು.

ಪಂಪ್ ಬಂದರೆ ನಿಮ್ಮ ಕೆಲಸ ಹೋಗುವುದಿಲ್ಲವೇ?

ಪೈಪಿನೊಳಗೆ ಮೊದಲು ಸಿಮೆಂಟ್ ಹಾಲು ಓಡಿಸಿ ನುಣುಪು ಮಾಡದಿದ್ದರೆ, ಜಲ್ಲಿ ಹೆಚ್ಚಾಗಿ ಪುಡಿ ಕಡಿಮೆಯಾದರೆ, ಅದು ನಡುವೆಯೇ ಕಟ್ಟಿಕೊಳ್ಳುತ್ತದೆ. ಆಗ ಪೈಪ್ ಬಿಚ್ಚುವವನು ಮೊದಲು ಕೂಗುವುದು ಯಾರನ್ನು ಅಂದುಕೊಂಡಿರಿ?