ಜೂನಿಯರ್ ಮೀಮಾಂಸೆ: ಹಿರಿಯ ವಕೀಲರಿಂದ ವಿದ್ಯೆ ಹಿಂಡಿಕೊಳ್ಳುವ ಕ್ರಮ

ವಕೀಲಿಕೆಯ ಶಿಷ್ಯವೃತ್ತಿಯ ಬಗ್ಗೆ ಶಾಸ್ತ್ರಗ್ರಂಥವೊಂದು ನಮ್ಮ ಕಣ್ಣಿಗೆ ಬಿದ್ದಿಲ್ಲ. ಕಾರಣ ಸ್ಪಷ್ಟ. ಬರೆಯಬೇಕಾದ ಜೂನಿಯರ್‌ಗೆ ಪುರುಸೊತ್ತಿಲ್ಲ. ಪುರುಸೊತ್ತಾಗುವ ಹೊತ್ತಿಗೆ ತಾವೇ ಸೀನಿಯರ್ ಆಗಿ ವಿಷಯದಲ್ಲಿ ಆಸಕ್ತಿ ಕಳೆದುಕೊಂಡಿರುತ್ತಾರೆ. ಸನ್ನದಿಗೆ ಮುನ್ನ ಒಂದು ವರ್ಷದ ತರಬೇತಿಯನ್ನು ಬಾರ್ ಕೌನ್ಸಿಲ್ 1995ರ ನಿಯಮಗಳಲ್ಲಿ ಕಡ್ಡಾಯ ಮಾಡಿತ್ತು. 1999ರಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದುಮಾಡಿತು. ಅಂದಿನಿಂದ ಜೂನಿಯರ್‌ಗಿರಿ ಸ್ವಂತ ಇಚ್ಛೆಯಿಂದ ಹಿಡಿಯುವ ವ್ರತ.

ಪೂರ್ವಪಕ್ಷ: ಸೀನಿಯರ್ ಎಂದರೆ ಕಲಿಸುವವರು. ಲಾ ಕಾಲೇಜಿನಿಂದ ಆಗಷ್ಟೇ ಇಳಿದವರ ವಾದವಿದು. ಇದಕ್ಕೆ ಪ್ರತ್ಯಕ್ಷ ಪ್ರಮಾಣವಿಲ್ಲ. ಬೆಳಿಗ್ಗೆ ಕಕ್ಷಿದಾರರು, ಹಗಲು ಕೋರ್ಟು, ಸಂಜೆ ಮತ್ತೆ ಕಕ್ಷಿದಾರರು. ಕಲಿಸುವ ಕಾಲ ಯಾವುದು? ಆದ್ದರಿಂದ ಸಿದ್ಧಾಂತ: ಸೀನಿಯರ್ ಕಲಿಸುವುದಿಲ್ಲ, ಅವರ ಗೈರುಹಾಜರಿ ಕಲಿಸುತ್ತದೆ.

ಉದಾಹರಣೆಗೆ, ಕೇಸು ಕೂಗುವ ಗಳಿಗೆ. ಸೀನಿಯರ್ ಪಕ್ಕದ ಹಾಲಿನಲ್ಲಿರುತ್ತಾರೆ. ಮೊದಲ ಕೂಗಿಗೆ ಎದ್ದು ಪಾಸ್‌ಓವರ್ ಬೇಡಬೇಕು. ಎರಡನೆಯ ಕೂಗಿಗೂ ಅವರು ಬಾರದಿದ್ದರೆ, 'ಸ್ವಾಮಿ, ನಮ್ಮ ಸೀನಿಯರ್ ಇನ್ನೊಂದು ಕೋರ್ಟಿನಲ್ಲಿದ್ದಾರೆ' ಎಂದು ವಾಯಿದೆ ಕೇಳಬೇಕು. ಇಲ್ಲೊಂದು ಧರ್ಮಸಂಕಟವಿದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 17ನೇ ಆದೇಶದ 1ನೇ ನಿಯಮದ ಪ್ರಕಾರ, ವಕೀಲರು ಬೇರೆ ಕೋರ್ಟಿನಲ್ಲಿರುವುದು ವಾಯಿದೆಗೆ ಕಾರಣವೇ ಅಲ್ಲ. ವಿಚಾರಣೆಯಲ್ಲಿ ಒಬ್ಬ ಪಕ್ಷಗಾರನಿಗೆ ಮೂರಕ್ಕಿಂತ ಹೆಚ್ಚು ವಾಯಿದೆ ಕೊಡಬಾರದೆಂದೂ ಅದೇ ನಿಯಮ ಹೇಳುತ್ತದೆ. ಹೀಗೆ, ಕಾನೂನು ಹೆಸರು ಹಿಡಿದು ಬೇಡವೆಂದ ಕಾರಣವನ್ನೇ ಮುಖದ ಗೆರೆ ಅಲುಗದಂತೆ ನಿವೇದಿಸುವುದು ಪ್ರಥಮ ಪಾಠ.

ನ್ಯಾಯಾಧೀಶರು 'ಸಾಕ್ಷಿ ಬಂದಿದ್ದಾರೆ, ನೀವೇ ಪಾಟೀಸವಾಲು ಮಾಡಿ' ಎಂದುಬಿಟ್ಟರೆ? ಪ್ರಾಚೀನರು ಇದನ್ನು ಆಪತ್ತು ಎನ್ನುತ್ತಾರೆ, ನಾವು ದೀಕ್ಷೆ ಎನ್ನುತ್ತೇವೆ. ಇಷ್ಟು ದಿನ ಫೈಲು ಓದಿದ್ದೋ, ಬರೀ ಹೊತ್ತಿದ್ದೋ ಎಂಬುದು ಮೂರನೆಯ ಪ್ರಶ್ನೆಯೊಳಗೆ ಇಡೀ ಹಾಲಿಗೆ ಗೊತ್ತಾಗುತ್ತದೆ. (ಸಾಕ್ಷಿಗಂತೂ ಮೊದಲನೆಯದಕ್ಕೇ ಗೊತ್ತಾಗಿರುತ್ತದೆ.) ಸೀನಿಯರ್ ಹೇಗೂ ಬರುತ್ತಾರೆಂಬ ಭಕ್ತಿಯಿಂದ ರಾತ್ರಿ ನಿದ್ದೆ ಮಾಡಿದವರಿಗೆ ಈ ಶಾಸ್ತ್ರದಲ್ಲಿ ಪ್ರಾಯಶ್ಚಿತ್ತ ಹೇಳಿಲ್ಲ.

ಸಂದೇಹ ಕೇಳುವ ಮುಹೂರ್ತದ ಬಗ್ಗೆ ಭಿನ್ನಮತವಿದೆ. ಗೆದ್ದ ಸಂಜೆ ಕೇಳಬೇಕೆಂಬುದು ಬಹುಮತ. ಅದು ತಪ್ಪು. ಗೆದ್ದವರು ತಮ್ಮ ಕಥೆ ಹೇಳುತ್ತಾರೆ. ಸೋತ ಕೇಸಿನ ಆದೇಶದ ಪ್ರತಿ ಕೈಗೆ ಬಂದ ದಿನ, ಕಾಫಿ ಮುಗಿದ ಮೇಲೆ, ಮೆಲ್ಲಗೆ 'ಸರ್, ಆ ದಾಖಲೆ ಗುರುತು ಮಾಡಿಸಿದ್ದರೆ?' ಎಂದು ನೋಡಿ.

ನಿಜವಾದ ಗುರು ಯಾರು ಎಂಬ ಪ್ರಶ್ನೆಗೆ ಹೆಚ್ಚು ಚರ್ಚೆ ಬೇಡ: ಆಫೀಸಿನ ಗುಮಾಸ್ತರು. ಕೋರ್ಟ್ ಫೀ ಎಷ್ಟು, ಆಫೀಸ್ ಆಬ್ಜೆಕ್ಷನ್ ಎಲ್ಲಿ ಬೀಳುತ್ತದೆ, ಯಾವ ಪುಟದಲ್ಲಿ ಸಹಿ ಬಿಟ್ಟುಹೋಗಿದೆ, ಎಲ್ಲವೂ ಅವರಿಗೆ ಗೊತ್ತು. 'ಏನಯ್ಯಾ' ಎಂದವರಿಗೆ ಅವರು ಅದನ್ನು ಅರ್ಜಿ ವಾಪಸ್ ಬಂದ ಮೇಲೆ ಹೇಳುತ್ತಾರೆ. 'ಅಣ್ಣಾ' ಎಂದವರಿಗೆ ಹಿಂದಿನ ದಿನವೇ.

ಕೊನೆಗೆ ದಕ್ಷಿಣಾ ಪ್ರಕರಣ. ದಕ್ಷಿಣೆ ಯಾರು ಯಾರಿಗೆ ಕೊಡಬೇಕೆಂಬುದರಲ್ಲೇ ವಿವಾದ. ಜೂನಿಯರ್‌ಗಳಿಗೆ ತಿಂಗಳಿಗೆ ನಗರದಲ್ಲಿ 20,000, ಗ್ರಾಮಾಂತರದಲ್ಲಿ 15,000 ರೂಪಾಯಿ ಕೊಡಬೇಕೆಂದು ಬಾರ್ ಕೌನ್ಸಿಲ್ 2024ರ ಅಕ್ಟೋಬರ್‌ನಲ್ಲಿ ಶಿಫಾರಸು ಮಾಡಿತು; ಕಡ್ಡಾಯ ಮಾಡಲಿಲ್ಲ. ಆ ಸುತ್ತೋಲೆಯ ಪ್ರತಿಯನ್ನು ಸೀನಿಯರ್ ಮೇಜಿನ ಮೇಲೆ ಮರೆತವರಂತೆ ಇಟ್ಟುಬರುವುದು ಒಂದು ವಿಧಾನ. ಅವರು ಕನ್ನಡಕ ಹಾಕಿ ಪೂರ್ತಿ ಓದುತ್ತಾರೆ, ಕಡ್ಡಾಯಕ್ಕೂ ಶಿಫಾರಸಿಗೂ ಇರುವ ವ್ಯತ್ಯಾಸವನ್ನು ತೀರ್ಪುಗಳ ಸಮೇತ ಅರ್ಧ ಗಂಟೆ ವಿವರಿಸುತ್ತಾರೆ. ಅವರು ತಾವಾಗಿಯೇ ಮಾಡುವ ಏಕೈಕ ಪಾಠವಿದು, ನೋಟ್ಸ್ ಬರೆದುಕೊಳ್ಳಬೇಕು. ಮುಗಿದ ಮೇಲೆ ಕೇಳುತ್ತಾರೆ: 'ಅದಿರಲಿ, ನಾಳೆಯ ಪಾರ್ಟಿಷನ್ ಸೂಟಿನ ಫೈಲು ಓದಿದ್ಯೇನಪ್ಪಾ?'