ಮಾಲೆ ಬಾಡಿತೆಂದು ಅಳಬೇಡ, ಲಲಿತಾಂಗ

ಈಶಾನಕಲ್ಪವೆಂಬ ಸ್ವರ್ಗದ ಶ್ರೀಪ್ರಭ ವಿಮಾನದಲ್ಲಿರುವ ಲಲಿತಾಂಗದೇವನಿಗೆ ಮನುಷ್ಯಲೋಕದಿಂದ ನಮಸ್ಕಾರ.

ನಿನ್ನ ಕೊರಳ ಮಾಲೆ ಬಾಡತೊಡಗಿದೆಯೆಂದು ಪಂಪನ ಆದಿಪುರಾಣದಲ್ಲಿ ಓದಿದೆ. ಹುಟ್ಟಿನೊಡನೆ ಬಂದ ಮಾಲೆ, ಎಂದೂ ಬಾಡಬಾರದ ಮಾಲೆ. ತೊಟ್ಟ ಒಡವೆಗಳೂ ಮಂಕಾಗಿವೆಯಂತೆ. ಇನ್ನು ಆರು ತಿಂಗಳಿಗೆ ನಿನ್ನ ದೇವಾಯುಷ್ಯ ತೀರುತ್ತದೆ, ಆಮೇಲೆ ಮನುಷ್ಯನಾಗಿ ಹುಟ್ಟಬೇಕು. ಅದಕ್ಕೇ ಎದೆಗುಂದಿ ಕುಳಿತಿದ್ದೀಯೆ, ನಿನ್ನ ಜೊತೆಯ ಸಾಮಾನಿಕ ದೇವರು ಬಂದು ಸಮಾಧಾನ ಹೇಳುತ್ತಿದ್ದಾರೆ. ಅವರ ಮಾತಿನ ಜೊತೆಗೆ ನನ್ನದೂ ಒಂದಿರಲಿ. ನೀನು ಬರಲು ಹೆದರುತ್ತಿರುವ ಲೋಕದಲ್ಲೇ ಹುಟ್ಟಿ ಬೆಳೆದವನು ನಾನು. ಇಲ್ಲಿಯ ಸಂಗತಿ ಹೇಳಲು ನನಗೆ ಅಷ್ಟು ಅಧಿಕಾರ ಇದೆ ಅಂದುಕೊಂಡಿದ್ದೇನೆ.

ಪತ್ರವನ್ನು ಎಲ್ಲರೂ ಓದುವಂತೆ ಬರೆಯುತ್ತಿರುವುದಕ್ಕೂ ಕಾರಣವಿದೆ. ಅಲ್ಲಿ ನೀನು ದೇವತ್ವ ಕೈಬಿಟ್ಟು ಹೋಗುತ್ತಿದೆಯೆಂದು ಅಳುತ್ತಿದ್ದೀಯೆ, ಇಲ್ಲಿ ನಮ್ಮವರು ಅದೇ ದೇವತ್ವ ಬೇಕೆಂದು ದುಡ್ಡು ಕಟ್ಟಿ ಸರದಿಯಲ್ಲಿದ್ದಾರೆ. ದೀಪ ಸಣ್ಣ ಮಾಡಿದ ಕೋಣೆಯಲ್ಲಿ ಅವರನ್ನು ಮಲಗಿಸಿ, ಕಣ್ಣು ಮುಚ್ಚಿಸಿ, ಮೆಲುದನಿಯಲ್ಲಿ ಹಿಂದಕ್ಕೆ ಹಿಂದಕ್ಕೆ ಕರೆದೊಯ್ಯುತ್ತಾರೆ. ನೀವು ಮೂಲತಃ ದಿವ್ಯಚೇತನಗಳು, ಮನುಷ್ಯಜನ್ಮದ ಅನುಭವ ಬೇಕೆಂದು ನೀವೇ ಈ ತಂದೆತಾಯಿಯನ್ನು, ಈ ಕಷ್ಟವನ್ನು ಆರಿಸಿಕೊಂಡು ಬಂದಿರಿ, ಬರುವಾಗ ಮರೆತಿರಿ, ನೆನಪಾದರೆ ಸಾಕು ಎನ್ನುತ್ತಾರೆ. ಅಮೆರಿಕದ ಮನೋವೈದ್ಯ ಬ್ರಯಾನ್ ವೈಸ್ 1988ರಲ್ಲಿ ಪ್ರಕಟಿಸಿದ ‘ಮೆನಿ ಲೈವ್ಸ್, ಮೆನಿ ಮಾಸ್ಟರ್ಸ್’ ಪುಸ್ತಕದಿಂದ ಈ ಹಾದಿ ಜಗತ್ತಿನ ತುಂಬ ಹೆಸರಾಯಿತು, ಬೆಂಗಳೂರಿಗೂ ಬಂತು. ಹೋಗುವವರನ್ನು ನಾನು ಹಳಿಯುವುದಿಲ್ಲ. ಹೆಚ್ಚಿನವರು ಯಾರನ್ನೋ ಕಳೆದುಕೊಂಡವರು, ನಿದ್ದೆ ಬಾರದವರು, ಮನೆಯಲ್ಲಿ ಮಾತು ನಿಂತುಹೋದವರು. ಅವರಿಗೆ ಸಿಗುವ ಉತ್ತರದ ಮೇಲೆ ಮಾತ್ರ ನನ್ನ ತಕರಾರು. ಆ ತಕರಾರಿಗೆ ನಿನಗಿಂತ ದೊಡ್ಡ ಸಾಕ್ಷಿ ನನಗೆ ಸಿಗಲಾರ.

ನೆನಪಾದರೆ ಸಾಕು ಎನ್ನುವುದಾದರೆ ನೀನು ಈಗ ಅಳಬಾರದಿತ್ತು. ನೀನು ಆ ವಿಮಾನದಲ್ಲಿ ಕಣ್ಣುಬಿಟ್ಟ ಗಳಿಗೆಯಲ್ಲೇ ನಿನಗೆ ಎಲ್ಲ ತಿಳಿದಿತ್ತು. ಇದು ಯಾವ ಲೋಕ, ನಾನು ಯಾರು ಎಂದು ಬೆರಗಾಗಿ ನೋಡುವಷ್ಟರಲ್ಲಿ ಹಿಂದಿನದನ್ನೂ ದೂರದ್ದನ್ನೂ ಕಾಣಿಸುವ ಅವಧಿಜ್ಞಾನ ಬಂತು. ಹಿಂದೆ ನಾನು ಅಳಕಾಪುರದ ಮಹಾಬಲ, ಮಂತ್ರಿ ಸ್ವಯಂಬುದ್ಧನ ಮಾತು ಕೇಳಿ ಸನ್ಯಸನ ಮಾಡಿದ್ದರಿಂದ ಇಲ್ಲಿ ಹುಟ್ಟಿದೆ ಎಂದು ಅಂಗೈಯಲ್ಲಿಟ್ಟು ನೋಡಿದ ಹಾಗೆ ಕಂಡೆ. ದೇವತೆಗಳಿಗೆ ಈ ಜ್ಞಾನ ಹುಟ್ಟಿನಿಂದಲೇ ಬರುತ್ತದೆ. ಯಾರೂ ಮಲಗಿಸಿ ನೆನಪಿಸಬೇಕಾಗಿಲ್ಲ. ನಮ್ಮವರು ಹಣ ಕೊಟ್ಟು ಪಡೆಯಲು ಹೊರಟಿರುವುದೆಲ್ಲ ನಿನ್ನಲ್ಲಿ ಮೊದಲೇ ಇದೆ. ಆದರೂ ಮಾಲೆ ಬಾಡಿದ್ದೇ ತಡ, ನಿನ್ನ ಧೈರ್ಯ ಕುಸಿಯಿತು.

ಮಹಾಬಲನಾಗಿದ್ದಾಗ ಹೀಗಿರಲಿಲ್ಲ. ನಿನಗೆ ಉಳಿದಿರುವುದು ಒಂದೇ ತಿಂಗಳು ಎಂದು ಸ್ವಯಂಬುದ್ಧ ತಿಳಿಸಿದಾಗ ನೀನು ರಾಜ್ಯವನ್ನು ಮಗನಿಗೆ ಒಪ್ಪಿಸಿ, ಜಿನಪೂಜೆ ಮಾಡಿ, ಅನ್ನ ನೀರು ಬಿಟ್ಟು ಶಾಂತನಾಗಿ ಕಣ್ಮುಚ್ಚಿದೆ. ಒಂದು ತಿಂಗಳ ಸುದ್ದಿಗೆ ಮನುಷ್ಯ ಅಳುಕಲಿಲ್ಲ, ಆರು ತಿಂಗಳ ಸುದ್ದಿಗೆ ದೇವರು ಅಳುತ್ತಿದ್ದಾನೆ. 941ರಲ್ಲಿ ಕಾವ್ಯ ಮುಗಿಸಿದ ಪಂಪನೂ, ಅವನಿಗೆ ಒಂದು ಶತಮಾನ ಮೊದಲು ಇದೇ ಕಥೆಯನ್ನು ಸಂಸ್ಕೃತದಲ್ಲಿ ಬರೆದ, ಅಮೋಘವರ್ಷ ನೃಪತುಂಗನ ಗುರು ಜಿನಸೇನಾಚಾರ್ಯರೂ ಈ ಎರಡು ಸಾವುಗಳನ್ನು ಒಂದರ ಹಿಂದೆ ಒಂದು ಇಟ್ಟದ್ದು ಸುಮ್ಮನೆ ಅಲ್ಲ.

ನಿನ್ನ ಲೋಕದಲ್ಲಿ ಹಸಿವಿಲ್ಲ. ಸಾವಿರ ವರ್ಷಕ್ಕೊಮ್ಮೆ ಮನಸ್ಸಿನಲ್ಲಿ ನೆನೆದರೆ ಅದೇ ಊಟ. ಹಸಿವಿಲ್ಲದ ಕಡೆ ಉಪವಾಸವಿಲ್ಲ. ಮನೆ ಬಾಗಿಲಲ್ಲಿ ಯಾರೂ ಕೈಚಾಚದ ಕಡೆ ದಾನ ಎಲ್ಲಿಂದ ಬರಬೇಕು? ದೇವತೆಗಳು ವ್ರತ ಹಿಡಿಯಲಾರರು ಎಂದು ಜೈನಶಾಸ್ತ್ರ ಖಂಡಿತವಾಗಿ ಹೇಳುತ್ತದೆ. ಮೋಕ್ಷದ ಮೆಟ್ಟಿಲುಗಳಾದ ಹದಿನಾಲ್ಕು ಗುಣಸ್ಥಾನಗಳಲ್ಲಿ ನಾಲ್ಕನೆಯದರ ಆಚೆ ದೇವತೆಯ ಕಾಲು ಏರದು. ಇಂದ್ರನದೂ ಏರದು. ಅಲ್ಲಿಂದ ಮುಂದೆ ಹೋಗಬೇಕಾದರೆ ಅವನೂ ಯಾವುದೋ ಒಬ್ಬ ತಾಯಿಯ ಹೊಟ್ಟೆಯಲ್ಲಿ ಒಂಬತ್ತು ತಿಂಗಳು ಇದ್ದೇ ಬರಬೇಕು. ಮೊದಲ ತೀರ್ಥಂಕರ ವೃಷಭನಾಥ ದೀಕ್ಷೆಗೆ ಹೊರಟಾಗ ಪಲ್ಲಕ್ಕಿಗೆ ಮೊದಲು ಹೆಗಲು ಕೊಟ್ಟವರು ಮನುಷ್ಯರು, ಏಳು ಹೆಜ್ಜೆ. ಆಮೇಲೆ ಏಳು ಹೆಜ್ಜೆ ವಿದ್ಯಾಧರರು. ದೇವತೆಗಳ ಸರದಿ ಬಂದದ್ದು ಅವರ ನಂತರ. ದೇವತೆಗಳ ಸಮೂಹವೇ ನೆರೆದಿದ್ದ ಕಡೆ ಈ ಕ್ರಮ!

ಹಾಗಾಗಿ, ಲಲಿತಾಂಗ, ನೀನು ಇಳಿದು ಬರುತ್ತಿದ್ದೇನೆ ಅಂದುಕೊಳ್ಳಬೇಡ. ಹಾಗೆಂದು ಇಲ್ಲಿಯ ಬದುಕು ಹಗುರವೆಂದೂ ಹೇಳಲಾರೆ. ಹೇಳಿದರೆ ಸುಳ್ಳಾಗುತ್ತದೆ.

ನೀನು ಉತ್ಪಲಖೇಟದಲ್ಲಿ ವಜ್ರಜಂಘನಾಗಿ ಹುಟ್ಟುತ್ತೀಯೆ. ನಿನ್ನ ದೇವಿ ಸ್ವಯಂಪ್ರಭೆ ಪುಂಡರೀಕಿಣಿಯಲ್ಲಿ ಶ್ರೀಮತಿಯಾಗುತ್ತಾಳೆ. ಒಂದು ದಿನ ಸರ್ವಜ್ಞರಾದ ಕೇವಲಿಯೊಬ್ಬರ ಪೂಜೆಗೆ ಆಕಾಶದಲ್ಲಿ ಬರುವ ದೇವತೆಗಳನ್ನು ಕಂಡು ಅವಳಿಗೆ ನೀನು ನೆನಪಾಗುತ್ತೀಯೆ, ಅವಳು ಮೂರ್ಛೆ ಹೋಗುತ್ತಾಳೆ. ಎಚ್ಚೆತ್ತ ಮೇಲೆ ನಿಮ್ಮಿಬ್ಬರ ಹಿಂದಿನ ಬಾಳನ್ನು ಪಟದಲ್ಲಿ ಬರೆದು ಪಂಡಿತೆಯೆಂಬ ದಾದಿಯ ಕೈಗೆ ಕೊಡುತ್ತಾಳೆ. ಪಂಡಿತೆ ಅದನ್ನು ಜಿನಾಲಯದಲ್ಲಿ ಹರಡಿ ಕೂರುತ್ತಾಳೆ. ಗುರುತು ಹಿಡಿದೆವೆಂದು ಸುಳ್ಳು ಹೇಳಿಕೊಂಡು ಬಂದವರ ನಡುವೆ ನೀನು ಬಂದು ನಿಂತು ನೋಡುತ್ತೀಯೆ. ಹೀಗೆ ನಿಮ್ಮ ಮದುವೆಯಾಗುತ್ತದೆ. ಜನ್ಮಾಂತರದ ನೆನಪು ಕೊಡಬಹುದಾದ ಸುಖ ಇಷ್ಟೇ ಇದ್ದರೂ ದೊಡ್ಡದು ಅನ್ನುವವರಿದ್ದಾರೆ, ಅವರನ್ನು ನಾನು ಒಪ್ಪುತ್ತೇನೆ.

ಇಷ್ಟು ಬೇಕೆಂದು ಹುಡುಕಿ ಸೇರಿದ ನೀವಿಬ್ಬರೂ ಒಂದು ರಾತ್ರಿ ಮಲಗುವ ಮನೆಯಲ್ಲಿ ಉಸಿರುಕಟ್ಟಿ ಸಾಯುತ್ತೀರಿ. ಕೋಣೆಯಲ್ಲಿ ಸುಗಂಧದ ಧೂಪ ಹಾಕಿರುತ್ತಾರೆ, ಹೊಗೆ ಹೋಗಲೆಂದು ಗವಾಕ್ಷ ತೆರೆದಿಡುವುದನ್ನು ಸೇವಕರು ಮರೆತಿರುತ್ತಾರೆ. ಯಾವ ಶತ್ರುವೂ ಇಲ್ಲ, ಯಾವ ರೋಗವೂ ಇಲ್ಲ. ಬೆಳಿಗ್ಗೆ ಬಾಗಿಲು ತೆರೆದವರು ಏನು ಕಂಡರೋ ನೆನೆಯಲು ನನಗೆ ಮನಸ್ಸು ಬಾರದು.

ಇದನ್ನು ಯಾರು ಆರಿಸಿಕೊಂಡಾರು? ಆತ್ಮವೇ ತನ್ನ ಕಷ್ಟವನ್ನು ಆರಿಸಿಕೊಂಡು ಬರುತ್ತದೆ ಎನ್ನುವವರನ್ನು ಇಲ್ಲಿ ನಿಲ್ಲಿಸಿ ಕೇಳಬೇಕೆನಿಸುತ್ತದೆ. ಎಳೆಯ ಮಗನನ್ನು ಮಣ್ಣಿಗಿಟ್ಟು ಬಂದ ತಾಯಿಗೆ, ನಿಮ್ಮ ಮಗನ ಆತ್ಮ ಇಷ್ಟೇ ಆಯುಷ್ಯವನ್ನು ಕೇಳಿ ಪಡೆದಿತ್ತು ಎನ್ನಲು ನಾಲಗೆ ಹೇಗೆ ಏಳುತ್ತದೆ? ಮಲದ ಗುಂಡಿಗೆ ಇಳಿದು ಸತ್ತವನ ಹೆಂಡತಿಗೆ, ಅವನು ಆ ಪಾಠ ಕಲಿಯಲೆಂದೇ ಆ ಮನೆಯಲ್ಲಿ ಹುಟ್ಟಿದ ಎಂದರೆ ಆ ಗುಂಡಿಗೆ ಅವನನ್ನು ಇಳಿಸಿದವರೆಲ್ಲ ಕೈತೊಳೆದುಕೊಂಡ ಹಾಗಾಯಿತು. ಕರ್ಮದ ಮಾತನ್ನೂ ನಮ್ಮಲ್ಲಿ ಇದೇ ಕೆಲಸಕ್ಕೆ ಬಳಸಿದ್ದಾರೆ, ಇಂದಿಗೂ ಬಳಸುತ್ತಾರೆ. ಅದೂ ಅಷ್ಟೇ ಕ್ರೂರ. ಆದಿಪುರಾಣದ ಕವಿಗಳು ಭವಾವಳಿಯನ್ನು, ಅಂದರೆ ಜನ್ಮಗಳ ಸಾಲನ್ನು, ಹೇಳಿದ್ದು ಬೇರೆ ಉದ್ದೇಶಕ್ಕೆ. ಅವರ ಕಣ್ಣು ಜೀವ ಹಿಂದೆ ಏನಾಗಿತ್ತು ಎಂಬುದಕ್ಕಿಂತ, ಕೈಯಲ್ಲಿರುವ ಈ ಹುಟ್ಟಿನಲ್ಲಿ ಅದು ಏನು ಮಾಡಿತು ಎಂಬುದರ ಮೇಲೆ ನೆಟ್ಟಿತ್ತು.

ಹೊಗೆಯ ಆ ರಾತ್ರಿಗೆ ಮುಂಚೆ ನೀವಿಬ್ಬರೂ ಒಂದು ಕೆಲಸ ಮಾಡಿರುತ್ತೀರಿ. ಪರಿವಾರದೊಂದಿಗೆ ಪ್ರಯಾಣ ಹೊರಟು ಕಾಡಿನ ಸರೋವರದ ದಡದಲ್ಲಿ ಬೀಡುಬಿಟ್ಟಾಗ ಆಕಾಶದಲ್ಲಿ ಸಂಚರಿಸುವ ಇಬ್ಬರು ಚಾರಣಮುನಿಗಳು ಬರುತ್ತಾರೆ. ಕಾಡಿನಲ್ಲೇ ಆಹಾರ ಸಿಕ್ಕರೆ ಉಣ್ಣುವುದು, ಇಲ್ಲವಾದರೆ ಇಲ್ಲ ಎಂಬ ವ್ರತ ಅವರದು. ನೀವು ಎದುರುಗೊಂಡು, ಕಾಲು ತೊಳೆದು, ನಿಂತ ಹಾಗೆಯೇ ಅವರ ಅಂಗೈಗೆ ಅನ್ನ ನೀಡುತ್ತೀರಿ. ಆಮೇಲೆ ಗೊತ್ತಾಗುತ್ತದೆ, ಅವರು ನಿಮ್ಮ ಹೊಟ್ಟೆಯಲ್ಲೇ ಹುಟ್ಟಿದ ಕೊನೆಯ ಮಕ್ಕಳು. ಅಲ್ಲೇ ಒಂದು ಹುಲಿ, ಒಂದು ಹಂದಿ, ಒಂದು ಕೋತಿ, ಒಂದು ಮುಂಗುಸಿ ನಿಂತು ನೋಡುತ್ತಿರುತ್ತವೆ. ಅವಕ್ಕೆ ಕೊಡಲು ಏನೂ ಇಲ್ಲ. ಕೊಡುವುದನ್ನು ಕಂಡು ಸಂತೋಷಪಟ್ಟವು, ಅಷ್ಟೇ. ಅಷ್ಟಕ್ಕೇ ಅವು ನಿನ್ನ ಜೊತೆ ಜನ್ಮದಿಂದ ಜನ್ಮಕ್ಕೆ ಏರುತ್ತ ಬರುತ್ತವೆ, ಕೊನೆಗೆ ನಿನ್ನ ಮಕ್ಕಳಾಗಿಯೇ ಹುಟ್ಟುತ್ತವೆ. ಸ್ವರ್ಗಸುಖದ ವರ್ಣನೆಗಳನ್ನೆಲ್ಲ ಈ ನಾಲ್ಕು ಪ್ರಾಣಿಗಳು ನಿಂತ ಜಾಗದ ಮುಂದೆ ಬಿಟ್ಟುಕೊಡಬಹುದು.

ನಡುವಿನ ಜನ್ಮಗಳನ್ನು ಬಿಡುತ್ತೇನೆ. ಭೋಗಭೂಮಿ, ಮತ್ತೆ ಸ್ವರ್ಗ, ಮತ್ತೆ ರಾಜ್ಯ. ಕಡೆಗೆ ಅಯೋಧ್ಯೆಯಲ್ಲಿ ನಾಭಿರಾಜನಿಗೂ ಮರುದೇವಿಗೂ ಮಗನಾಗಿ ಹುಟ್ಟುತ್ತೀಯೆ, ವೃಷಭನಾಥನೆಂದು ಹೆಸರು. ಅಲ್ಲಿಯೂ ಭೋಗ ನಿನ್ನನ್ನು ಹಿಡಿದಿಡುತ್ತದೆ. ಆಗ ಇಂದ್ರನೇ ಉಪಾಯ ಹೂಡಿ, ಆಯುಷ್ಯ ಮುಗಿಯುತ್ತ ಬಂದ ನೀಲಾಂಜನೆಯೆಂಬ ನರ್ತಕಿಯನ್ನು ನಿನ್ನ ಸಭೆಗೆ ಕಳಿಸುತ್ತಾನೆ. ಕುಣಿಯುತ್ತ ಕುಣಿಯುತ್ತಲೇ ಅವಳು ಕರಗಿಹೋಗುತ್ತಾಳೆ. ತಾಳ ತಪ್ಪುವ ಮೊದಲೇ ಇಂದ್ರ ಅವಳಂಥವಳೇ ಇನ್ನೊಬ್ಬಳನ್ನು ಅದೇ ಜಾಗದಲ್ಲಿ ನಿಲ್ಲಿಸುತ್ತಾನೆ. ಸಭೆಗೆ ಗೊತ್ತೇ ಆಗಲಿಲ್ಲ. ದೇವಲೋಕದ ರೀತಿಯೇ ಅದು, ಹೋದದ್ದರ ಜಾಗ ಖಾಲಿ ಕಾಣಬಾರದು. ನಿನ್ನ ವಿಮಾನದಲ್ಲೂ ಒಬ್ಬ ದೇವಿ ಅಳಿದರೆ ಇನ್ನೊಬ್ಬಳು ಬರುತ್ತಿದ್ದಳು, ಸ್ವಯಂಪ್ರಭೆ ಹಾಗೆ ಬಂದವರಲ್ಲಿ ಕೊನೆಯವಳು. ಆ ಸಭೆಯಲ್ಲಿ ಖಾಲಿ ಜಾಗವನ್ನು ಕಂಡವನು ನೀನೊಬ್ಬನೇ. ಒಬ್ಬಳು ಸತ್ತಳು, ಇವಳು ಅವಳಲ್ಲ ಎಂದು ಗುರುತಿಸಿದ ಆ ಕಣ್ಣು ಮನುಷ್ಯಜನ್ಮದಲ್ಲಿ ತೆರೆದದ್ದು. ಅಲ್ಲಿಂದ ನೀನು ಎದ್ದು ಹೊರಟೆ.

ಇನ್ನು ನನಗೆ ಎಲ್ಲಕ್ಕಿಂತ ಪ್ರಿಯವಾದ ಭಾಗ. ದೀಕ್ಷೆ ಹಿಡಿದು ಆರು ತಿಂಗಳು ನಿಂತಲ್ಲೇ ಉಪವಾಸ ಇದ್ದ ನೀನು ಆಮೇಲೆ ಆಹಾರಕ್ಕಾಗಿ ಊರೂರು ನಡೆದೆ. ಜನ ಓಡಿ ಬಂದರು, ಆನೆ ತಂದರು, ಕುದುರೆ ತಂದರು, ರತ್ನ ತಂದರು, ಕನ್ಯೆಯರನ್ನು ತಂದು ನಿಲ್ಲಿಸಿದರು. ಹಸಿದವನಿಗೆ ಹೇಗೆ ಉಣಿಸಬೇಕೆಂದು ಅಷ್ಟು ಜನರಲ್ಲಿ ಒಬ್ಬರಿಗೂ ತಿಳಿಯದು. ಮುನಿಗೆ ಆಹಾರ ಕೊಡುವ ವಿಧಿಯನ್ನೇ ಯಾರೂ ಕಂಡಿರಲಿಲ್ಲ. ನೀನು ಬಾಯಿಬಿಟ್ಟು ಕೇಳುವಂತಿಲ್ಲ. ಹಾಗೆ ವರ್ಷ ಕಳೆಯಿತು. ಹಸ್ತಿನಾಪುರಕ್ಕೆ ಬಂದಾಗ ಅಲ್ಲಿಯ ಅರಸು ಸೋಮಪ್ರಭನ ತಮ್ಮ ಶ್ರೇಯಾಂಸ ನಿನ್ನನ್ನು ನೋಡಿದ. ನೋಡುತ್ತಿದ್ದಂತೆ ಅವನಿಗೆ ಹಿಂದಿನ ಜನ್ಮ ನೆನಪಾಯಿತು.

ಅವನು ಯಾರು ಗೊತ್ತೇ? ನಿನ್ನ ಶ್ರೀಮತಿ. ಈಗ ನಿನ್ನ ಪಕ್ಕದಲ್ಲಿ ಕಣ್ಣೊರೆಸಿಕೊಳ್ಳುತ್ತಿರುವ ಸ್ವಯಂಪ್ರಭೆಯ ಜೀವವೇ ಅದು.

ಅದೇ ಜೀವಕ್ಕೆ ಹಿಂದೊಮ್ಮೆ ನೆನಪಾಗಿತ್ತು, ಆಗ ಅದು ಚಿತ್ರ ಬರೆಯಿತು, ಗಂಡನನ್ನು ಪಡೆಯಿತು. ಎರಡನೆಯ ಸಲ ನೆನಪಾದಾಗ ಸ್ವರ್ಗದ ವಿಮಾನವನ್ನಾಗಲಿ, ರಾಣಿಯಾಗಿದ್ದುದನ್ನಾಗಲಿ ಹಿಡಿದು ನಿಲ್ಲಲಿಲ್ಲ. ಕಾಡಿನ ಸರೋವರದ ದಡ, ಆ ಇಬ್ಬರು ಮುನಿಗಳು, ಅವರ ಅಂಗೈಗೆ ನೀಡಿದ ಅನ್ನ ಅವನ ಕಣ್ಣೆದುರು ಬಂತು. ಹೀಗಲ್ಲವೇ ಕೊಡಬೇಕಾದ್ದು ಎಂದು ಹೊಳೆಯಿತು. ಕಬ್ಬಿನ ಹಾಲು ಸಿದ್ಧವಿತ್ತು, ನಿನ್ನ ಜೋಡಿಸಿದ ಅಂಗೈಗೆ ಎರೆದ. ವರ್ಷದ ಉಪವಾಸ ಮುಗಿಯಿತು. ನೆನಪು ಬಂದವರನ್ನು ನಾನು ಈ ಒಂದರಿಂದ ಅಳೆಯುತ್ತೇನೆ: ಎದ್ದು ಹೋಗಿ ಯಾರಿಗೆ ಏನು ಕೊಟ್ಟರು?

ಆ ದಿನ ಅಕ್ಷಯ ತದಿಗೆಯೆಂದು ಜೈನರು ನಂಬುತ್ತಾರೆ. ಈಗ ನಮ್ಮ ಪೇಟೆಗಳಲ್ಲಿ ಅದು ಬಂಗಾರ ಕೊಳ್ಳುವ ದಿನ, ಒಡವೆ ಅಂಗಡಿ ಮುಂದೆ ನೂಕುನುಗ್ಗಲು. ಬಸದಿಗಳಲ್ಲಿ ಮಾತ್ರ ಕಬ್ಬಿನ ಹಾಲು ಹಂಚುವುದು ನಿಂತಿಲ್ಲ. ಹಸ್ತಿನಾಪುರದಲ್ಲಿ ಶುರುವಾದ ವಿಧಿಯೂ ನಿಂತಿಲ್ಲ. ಶ್ರವಣಬೆಳಗೊಳದಲ್ಲಿ ಬೆಳಗಿನ ಹೊತ್ತು ಮುನಿಗಳು ಬಲಗೈ ಬೆರಳುಗಳನ್ನು ಹೆಗಲ ಬಳಿ ಜೋಡಿಸಿ ಹೊರಟರೆ, ಮನೆಯ ಮುಂದೆ ಕಲಶ ಹಿಡಿದು ನಿಂತ ದಂಪತಿ ನಮೋಸ್ತು ನಮೋಸ್ತು ಎಂದು ಕರೆಯುವುದನ್ನು ಕಂಡಿದ್ದೇನೆ. ಮುನಿ ಯಾರ ಮುಂದೆ ನಿಲ್ಲುವರೋ ಗೊತ್ತಿಲ್ಲ. ನಿಂತರೆ ಪ್ರದಕ್ಷಿಣೆ ಬಂದು, ಒಳಗೆ ಕರೆದು, ಪಾದ ತೊಳೆದು, ಒಂದೊಂದೇ ತುತ್ತನ್ನು ಅಂಗೈಗೆ ಇಡುತ್ತಾರೆ. ಮುನಿ ಹೆಬ್ಬೆರಳಿನಿಂದ ತಡಕಿ ನೋಡಿ ಬಾಯಿಗೆ ಹಾಕಿಕೊಳ್ಳುತ್ತಾರೆ. ಒಂದು ಕೂದಲು ಸಿಕ್ಕರೆ ಅಂತರಾಯ, ಅಲ್ಲಿಗೆ ಆ ದಿನದ ಊಟ ಮುಗಿಯಿತು, ಮತ್ತೆ ಮರುದಿನವೇ. ಬಡಿಸುವ ಹೆಂಗಸರು ಉಸಿರು ಬಿಗಿಹಿಡಿದಿರುತ್ತಾರೆ. ಆ ಹೊತ್ತಿನಲ್ಲಿ ಅವರಿಗೆ ತಾವು ಹಿಂದೆ ಯಾವ ಲೋಕದಲ್ಲಿ ಏನಾಗಿದ್ದೆವು ಎಂಬ ಯೋಚನೆ ಇರಲಾರದು, ಅನ್ನದಲ್ಲಿ ಕೂದಲಿರಬಾರದು ಎಂಬುದೊಂದೇ ಇರುತ್ತದೆ. ದೈವತ್ವ ಎಂದು ನಾನು ಏನನ್ನಾದರೂ ಕರೆಯುವುದಾದರೆ ಆ ಎಚ್ಚರವನ್ನೇ ಕರೆಯುತ್ತೇನೆ. ನಿನ್ನ ಇಂದ್ರನಿಗೆ ಅದು ಸಾಧ್ಯವಿಲ್ಲ.

ಉಳಿದ ಆರು ತಿಂಗಳಲ್ಲಿ ಸಾಮಾನಿಕ ದೇವರು ಹೇಳಿದಂತೆ ಜಿನಬಿಂಬಗಳನ್ನು ಪೂಜಿಸು. ಈ ಪತ್ರವನ್ನು ಸ್ವಯಂಪ್ರಭೆಗೂ ಓದಿ ಹೇಳು. ನೀನು ಹೊರಟ ಮೇಲೆ ಅವಳು ಇನ್ನೂ ಆರು ತಿಂಗಳು ಒಬ್ಬಳೇ ಅಲ್ಲಿರಬೇಕು. ಹಸ್ತಿನಾಪುರದಲ್ಲಿ ನಿನ್ನ ಹಸಿವು ನೀಗುವುದು ಅವಳ ಕೈಯಿಂದಲೇ ಎಂದು ಅವಳಿಗೆ ಈಗಲೇ ತಿಳಿದಿರಲಿ.

ಇಂತು,
ಮನುಷ್ಯಲೋಕದ ಒಬ್ಬ ಓದುಗ