ಮಾನ್ಯ ಅರ್ಧ ಗಂಟೆಯವರಿಗೊಂದು ಬಹಿರಂಗ ಪತ್ರ

ಇವರಿಗೆ,
ಶ್ರೀಯುತ ಅರ್ಧ ಗಂಟೆಯವರು,
ಖಾಯಂ ವಿಳಾಸ: ವಿಚಾರಣೆಯಲ್ಲಿದೆ.

ವಿಷಯ: ತಾವು ನಮ್ಮ ಮನೆಯಲ್ಲೇ ವಾಸವಿದ್ದೂ ನನ್ನ ಕೈಗೆ ಸಿಗದಿರುವ ಬಗ್ಗೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಕೇಳಿಕೊಳ್ಳುವುದೇನೆಂದರೆ, ತಮ್ಮ ಹೆಸರು ಕಿವಿಗೆ ಬೀಳದ ದಿನವಿಲ್ಲ. ವಾರಪತ್ರಿಕೆಯ ಮಹಿಳಾ ಪುಟದಲ್ಲಿ, ಮೊಬೈಲಿನ ರೀಲ್ಸ್‌ನಲ್ಲಿ, ಮಾರ್ಚ್ 8ರಂದು ಆಫೀಸಿಗೆ ಬಂದು ತಲೆಗೊಂದು ಗುಲಾಬಿ ಹಂಚಿ ಭಾಷಣ ಮಾಡಿದ ವೆಲ್‌ನೆಸ್ ಮೇಡಂ ಬಾಯಲ್ಲಿ, ಎಲ್ಲೆಲ್ಲೂ ತಾವೇ. "ದಿನಕ್ಕೆ ಅರ್ಧ ಗಂಟೆ ನಿಮಗಾಗಿ ಎತ್ತಿಟ್ಟುಕೊಳ್ಳಿ" ಅಂತಾರೆ. ಸಂತೆಯಲ್ಲಿ ಕೊತ್ತಂಬರಿ ಕಟ್ಟು ಎತ್ತಿಟ್ಟುಕೊಂಡಷ್ಟು ಸಲೀಸಾಗಿ. ಎಲ್ಲಿಂದ ಎತ್ತುವುದು ಎಂದು ಕೇಳಿದ್ದಕ್ಕೆ ಮೇಡಂ ನಕ್ಕು, "ಮನೆಯವರೆಲ್ಲ ಏಳುವ ಅರ್ಧ ಗಂಟೆ ಮೊದಲು ಎದ್ದುಬಿಡಿ" ಅಂದರು. ನಮ್ಮ ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುವವಳು ನಾನೇ. ಅಂದರೆ ನಾನು ಏಳುವ ಅರ್ಧ ಗಂಟೆ ಮೊದಲು ನಾನು ಎದ್ದಿರಬೇಕು.

ಅದನ್ನೂ ಮಾಡಿದೆ. ನಾಲ್ಕೂವರೆಗೆ ಎದ್ದೆ. ತಾವು ಬಂದಿದ್ದಿರಿ, ಸುಳ್ಳು ಹೇಳಬಾರದು. ಚಾಪೆ ಹಾಸಿ ಕಣ್ಣು ಮುಚ್ಚಿ ಒಂದು ಉಸಿರು ಒಳಗೆಳೆದುಕೊಂಡೆ. ಅದನ್ನು ಹೊರಗೆ ಬಿಡುವಷ್ಟರಲ್ಲಿ ಕಾವೇರಿ ನೀರು ಬಂತು. ಸಂಪ್ ತುಂಬಿಸಿ, ಮೋಟರ್ ಹಾಕಿ ಬರುವಷ್ಟರಲ್ಲಿ ಚಿಕ್ಕವನು ಎದ್ದು ಚಾಪೆಯ ಮೇಲೆ ಕೂತಿದ್ದ. ಅಮ್ಮ ಎದ್ದಿದ್ದಾಳೆ ಎನ್ನುವ ಸುದ್ದಿ ಮಕ್ಕಳ ನಿದ್ದೆಯೊಳಕ್ಕೆ ಹೇಗೆ ಹೋಗಿ ಮುಟ್ಟುತ್ತದೋ ದೇವರೇ ಬಲ್ಲ. ಅಲ್ಲಿಂದಾಚೆಗೆ ಹಾಲು, ದೋಸೆ, ಟಿಫಿನ್ ಬಾಕ್ಸ್, ವ್ಯಾನಿನವನ ಹಾರ್ನ್, "ಅಮ್ಮಾ, ಇವತ್ತು ಚಾರ್ಟ್ ಪೇಪರ್ ತರಬೇಕಿತ್ತು." ತಮಗೆ ಗೊತ್ತಿರುವ ಕಥೆಯೇ.

ಮೇಡಂ ಕೊಟ್ಟ ಇನ್ನೊಂದು ಸಲಹೆ, ವಾರಕ್ಕೊಮ್ಮೆ ಫೇಸ್‌ಪ್ಯಾಕ್. ಕಡಲೆಹಿಟ್ಟು, ಮೊಸರು, ಚಿಟಿಕೆ ಅರಿಶಿನ ಕಲಸಿ ಬಟ್ಟಲಲ್ಲಿಟ್ಟು ಕೂದಲು ಕಟ್ಟಿಕೊಳ್ಳಲು ಹೋದೆ. ಬರುವಷ್ಟರಲ್ಲಿ ಮಾವನವರು ಬಗ್ಗಿ ನೋಡಿ, "ಇವತ್ತು ಮಜ್ಜಿಗೆಹುಳಿನೇನಮ್ಮಾ? ಬಹಳ ದಿನ ಆಗಿತ್ತು" ಎಂದು ಖುಷಿಪಟ್ಟರು. ಆಯಿತು, ಬೂದುಗುಂಬಳ ಹೆಚ್ಚಿದೆ.

ತಮ್ಮನ್ನು ಹುಡುಕಿ ಹೊರಟವಳು ನಾನೊಬ್ಬಳೇ ಅಲ್ಲ. ಕೇಂದ್ರ ಸರ್ಕಾರವೂ ಹೊರಟಿತ್ತು. ಯಾರು ಯಾವ ಕೆಲಸಕ್ಕೆ ಎಷ್ಟು ನಿಮಿಷ ಕೊಡುತ್ತಾರೆ ಎಂದು 2024ರಲ್ಲಿ ದೇಶದಾದ್ಯಂತ ಸಮಯ ಬಳಕೆ ಸಮೀಕ್ಷೆ ನಡೆಯಿತು. ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರದು ದಿನಕ್ಕೆ ಸರಾಸರಿ 289 ನಿಮಿಷ, ಗಂಡಸರದು 88. ಈ 88 ಕೂಡ ಕೆಲಸಕ್ಕೆ ಕೈ ಹಾಕುವ ಗಂಡಸರದು ಮಾತ್ರ. ಕೈಯನ್ನೇ ಹಾಕದ ಮಹನೀಯರು ಈ ಸರಾಸರಿಯಲ್ಲಿ ಸೇರಿಲ್ಲ. ಮಕ್ಕಳು, ಮುದುಕರು, ಕಾಯಿಲೆಯವರನ್ನು ನೋಡಿಕೊಳ್ಳುವ ಲೆಕ್ಕ ಬೇರೆಯೇ ಇದೆ, ಅಲ್ಲೂ ಹೆಂಗಸರದು ಹೆಚ್ಚುಕಡಿಮೆ ದುಪ್ಪಟ್ಟು.

2019ರ ಸಮೀಕ್ಷೆಯಲ್ಲಿ ನಮ್ಮ ಮನೆಗೆಲಸ 299 ನಿಮಿಷವಿತ್ತು. ಐದು ವರ್ಷದಲ್ಲಿ ಹತ್ತು ನಿಮಿಷ ಉಳಿತಾಯ! ಇದೇ ವೇಗದಲ್ಲಿ ಬಂದರೆ ತಾವು ಪೂರ್ತಿಯಾಗಿ ನನ್ನ ಮನೆ ಬಾಗಿಲಿಗೆ ಬರುವುದು 2034ಕ್ಕೆ. ಸರಿ, ನಾವು ಇಳಿಸಿದ ಆ ಹತ್ತು ನಿಮಿಷವನ್ನು ಗಂಡಸರು ಎತ್ತಿಕೊಂಡಿರಬೇಕು ಎಂದು ನೋಡಿದರೆ, ಅವರದೂ 97ರಿಂದ 88ಕ್ಕೆ ಇಳಿದಿದೆ. ಎತ್ತಿಕೊಂಡದ್ದು ವಾಷಿಂಗ್ ಮಷೀನ್ ಇರಬೇಕು. ಪಾಪ, ಅದಕ್ಕೆ ಗುಲಾಬಿ ಕೊಟ್ಟವರಿಲ್ಲ.

ಇಷ್ಟೆಲ್ಲ ಹುಡುಕಾಟದ ನಂತರ ತಮ್ಮ ವಿಳಾಸ ಪತ್ತೆಯಾಗಿದೆ: ಹಾಲ್‌ನಲ್ಲಿರುವ ಸೋಫಾ, ಬಲಗಡೆಯ ತುದಿ, ಫ್ಯಾನಿನ ನೇರ ಕೆಳಗೆ. ಬೆಳಿಗ್ಗೆ ಪೇಪರಿನ ಜೊತೆ, ಸಂಜೆ ಕ್ರಿಕೆಟ್ಟಿನ ಜೊತೆ ಅಲ್ಲೇ ಬೀಡು. ನಮ್ಮ ಯಜಮಾನರು ಒಳ್ಳೆಯವರು, ಅದರಲ್ಲಿ ಎರಡು ಮಾತಿಲ್ಲ. "ಏನಾದ್ರೂ ಹೆಲ್ಪ್ ಬೇಕಾ ಕಣೇ?" ಎಂದು ಕೂತಲ್ಲಿಂದಲೇ ಕೇಳುತ್ತಾರೆ. ಬೇಕು ಅಂದರೆ ಎದ್ದೂ ಬರುತ್ತಾರೆ. ಬಂದು ಅಕ್ಕಿ ಎಷ್ಟು, ನೀರು ಎಷ್ಟು, ವಿಸಿಲ್ ಎಷ್ಟು, ಯಾವ ಪಾತ್ರೆ ಎಂದು ಕೇಳುತ್ತಾರೆ. ಅಡುಗೆಯೂ ನನ್ನದೇ, ಅಡುಗೆಯ ಸಹಾಯವಾಣಿಯೂ ನನ್ನದೇ. ಹಾಗೆ ಒಂದು ಸಲ ಮಾಡಿದ ಅನ್ನಕ್ಕೆ ಅತ್ತೆಯವರು ಊರವರಿಗೆಲ್ಲ ಫೋನ್ ಮಾಡಿ, "ನನ್ನ ಮಗ ಅಡುಗೆಮನೇಲೂ ಕೈ ಆಡಿಸ್ತಾನೆ" ಎಂದು ಹೇಳಿಕೊಂಡರು.

ತಾವು ನನ್ನ ಜೊತೆ ಚೆನ್ನಾಗಿಯೇ ಇದ್ದ ಕಾಲವೊಂದಿತ್ತು. ಅದು ಬಾಣಂತನ. ತವರಿನ ಹಿಂದಿನ ಕೋಣೆಯಲ್ಲಿ ಅಜ್ಜಿ ಹರಳೆಣ್ಣೆ ತಿಕ್ಕಿ, ಹಂಡೆಯ ನೀರನ್ನು ಬೆನ್ನು ಕೆಂಪಾಗುವಂತೆ ಹುಯ್ದು, ಸಾಂಬ್ರಾಣಿ ಹೊಗೆಯಲ್ಲಿ ತಲೆ ಆರಿಸಿ, ಕಿವಿಗೆ ಬಟ್ಟೆ ಕಟ್ಟಿ, ಮೆಣಸಿನ ಸಾರು ಅನ್ನಕ್ಕೆ ತುಪ್ಪ ಸುರಿದು, "ಎದ್ದರೆ ಕಾಲು ಮುರೀತೀನಿ, ಬಿದ್ಕೋ" ಎಂದು ಗದರುತ್ತಿದ್ದಳು. ನೀರು ಜಾಸ್ತಿ ಕುಡಿಯಬೇಡ ಎನ್ನುವ ಅವಳ ಶಾಸ್ತ್ರ ಡಾಕ್ಟರಿಗೆ ಒಪ್ಪಿಗೆಯಾಗಲಿಲ್ಲ, ಅದು ಬೇರೆ ಮಾತು. ಆದರೆ ನಿನ್ನ ಬೆನ್ನಿಗೆ ನೀನೇ ಎಣ್ಣೆ ಹಚ್ಚಿಕೋ ಎಂದು ಅವಳು ಒಂದು ದಿನವೂ ಹೇಳಲಿಲ್ಲ. ಹೆತ್ತವಳ ಆರೈಕೆಗೆ ಇನ್ನೊಂದು ಜೊತೆ ಕೈ ಬೇಕು ಎನ್ನುವುದು ಅಕ್ಷರ ಬಾರದ ಅವಳಿಗೆ ಗೊತ್ತಿತ್ತು. ಪ್ರೊಜೆಕ್ಟರ್ ಹೊತ್ತು ತಂದಿದ್ದ ವೆಲ್‌ನೆಸ್ ಮೇಡಂಗೆ ಗೊತ್ತಿಲ್ಲ. ಮೂರು ತಿಂಗಳು ಕಳೆದು ಮಗುವನ್ನೆತ್ತಿಕೊಂಡು ಗಂಡನ ಮನೆಗೆ ಹೊರಟ ದಿನ ತಾವು ಬಸ್‌ಸ್ಟ್ಯಾಂಡಿನಲ್ಲೇ ಹಿಂದುಳಿದಿರಿ. ಆ ಮೂರು ತಿಂಗಳು ನನ್ನ ಅಮ್ಮನ ಪಾಲಿನ ಅರ್ಧ ಗಂಟೆ ಎಲ್ಲಿಗೆ ಹೋಗಿತ್ತು ಎಂದು ಮಾತ್ರ ಕೇಳಬೇಡಿ.

ದುಡ್ಡು ಕೊಟ್ಟರೆ ತಾವು ಸಿಗುತ್ತೀರಂತೆ. ನಿಜ. ಕಸ-ಮುಸುರೆಗೆ ಬರುವ ಅಕ್ಕ ತಿಂಗಳ ಸಂಬಳಕ್ಕೆ ದಿನಾ ತಮ್ಮನ್ನು ತಂದು ನಮ್ಮ ಸಿಂಕಿನ ಪಕ್ಕ ಇಡುತ್ತಾಳೆ. ಅವಳಿಗೂ ಇಬ್ಬರು ಮಕ್ಕಳು. ತನ್ನ ಮನೆಯ ಪಾತ್ರೆ ತೊಳೆಯುವುದು ಬೀದಿಯ ಉಳಿದ ಮನೆಗಳೆಲ್ಲ ಮುಗಿದ ಮೇಲೆ. ಸುಗಂಧದ ಮೇಣದಬತ್ತಿ ಹಚ್ಚಿಟ್ಟು ನಿಧಾನವಾಗಿ ಸ್ನಾನ ಮಾಡಬೇಕಂತೆ ಎಂದು ಅವಳಿಗೆ ಹೇಳಿದೆ. "ಯಾಕಕ್ಕಾ, ಕರೆಂಟ್ ಹೋಗಿತ್ತಾ?" ಅಂದಳು.

ತಾವು ಸಿಕ್ಕರೆ ಏನು ಮಾಡುತ್ತೀಯ ಎಂದು ಕೇಳಬಹುದು. ಫೇಸ್‌ಪ್ಯಾಕ್ ಅಂತೂ ಖಂಡಿತ ಅಲ್ಲ. ಮೊದಲು ಹಿಮೋಗ್ಲೋಬಿನ್ ನೋಡಿಸಬೇಕು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಹೆಂಗಸರಲ್ಲಿ ರಕ್ತಹೀನತೆ ಇರುವವರು ದೇಶದಲ್ಲಿ ಶೇ. 57, ನಮ್ಮ ಕರ್ನಾಟಕದಲ್ಲಿ ಶೇ. 47.8. ಮೆಟ್ಟಿಲು ಹತ್ತುವಾಗ ಏದುಸಿರು, ಸಂಜೆಯಾದರೆ ಸಿಡಿಮಿಡಿ. ರಕ್ತ ಕಡಿಮೆಯಿದ್ದರೆ ಹೀಗೂ ಆಗಬಹುದು, ಮನೆಯಲ್ಲಿ ಮಾತ್ರ ಇದಕ್ಕೆ "ಅವಳ ಸ್ವಭಾವವೇ ಹಂಗೆ" ಎಂದು ಹೆಸರು. ಊಟ ಮುಗಿಸಿ ಅಡುಗೆಕಟ್ಟೆಗೆ ಒರಗಿ ಕುಡಿಯುವ ಒಂದು ಲೋಟ ಕಾಫಿ ನನ್ನ ಇಡೀ ದಿನದ ಮೀ ಟೈಮ್. ಅದೂ ಸೊಪ್ಪಿನಲ್ಲಿರುವ ಕಬ್ಬಿಣ ಮೈಗೆ ಹತ್ತದಂತೆ ಅಡ್ಡ ನಿಲ್ಲುತ್ತದಂತೆ. ಊಟಕ್ಕೆ ಒಂದು ಗಂಟೆ ಹಿಂದೆ-ಮುಂದೆ ಕಾಫಿ ಟೀ ಬೇಡ ಎಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೇಳಿದೆ. ಒಳ್ಳೆಯ ಸಲಹೆ, ಕಾಫಿಯನ್ನು ಮುಂದೂಡಿದ್ದೇನೆ. ಮುಂದೂಡಿದ ಕಾಫಿಗೆ ಮತ್ತೆ ತಾವೇ ಬೇಕು!

ಮೂವತ್ತು ದಾಟಿದವರಿಗೆ ಬಿಪಿ, ಶುಗರ್, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಪುಕ್ಕಟೆ. 2023ರ ಜೂನ್ 11ರಿಂದ ಅಲ್ಲಿಗೆ ಹೋಗುವ ಸಾಮಾನ್ಯ ಸರ್ಕಾರಿ ಬಸ್ಸೂ ಹೆಂಗಸರಿಗೆ ಪುಕ್ಕಟೆ. ದುಬಾರಿಯೆಂದರೆ ತಾವೊಬ್ಬರೇ. ಮನಸ್ಸು ಕುಗ್ಗಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಮಾಡುವುದಾದರೆ ನಾನು ಬಚ್ಚಲುಮನೆಯಿಂದಲೇ ಮಾಡಬೇಕು. ಒಳಗಿನಿಂದ ಚಿಲಕ ಹಾಕಿಕೊಳ್ಳಲು ನನಗಿರುವುದು ಅದೊಂದೇ ಬಾಗಿಲು. ಅದರ ಕೆಳಗಿನ ಸಂದಿಯಲ್ಲೂ ಐದು ಪುಟ್ಟ ಬೆರಳು ಆಡುತ್ತಿರುತ್ತವೆ.

ಆದಕಾರಣ ಸಾರ್ವಜನಿಕ ಹಿತದೃಷ್ಟಿಯಿಂದ ತಮ್ಮನ್ನು ಬರುವ ಸೋಮವಾರದಿಂದ ಸೋಫಾದಿಂದ ನನ್ನ ಹೆಸರಿಗೆ ವರ್ಗಾವಣೆ ಮಾಡಲಾಗಿದೆ. ವೇಳೆ ಸಂಜೆ ಏಳರಿಂದ ಏಳೂವರೆ. ಹಾಲಿ ಹುದ್ದೆಯಲ್ಲಿ ತಮ್ಮನ್ನು ಅನುಭವಿಸುತ್ತಿರುವವರು ತಡೆಯಾಜ್ಞೆ ತರಲು ಅತ್ತೆಯವರ ಬಳಿ ಹೋಗುವ ಸಂಭವವಿದೆ, ಅದಕ್ಕೆ ತಾವು ಬಗ್ಗತಕ್ಕದ್ದಲ್ಲ. ಮೊದಲ ದಿನ ನಾವಿಬ್ಬರೂ ಬೀದಿ ಕೊನೆಯ ಲ್ಯಾಬಿಗೆ ನಡೆದುಕೊಂಡು ಹೋಗೋಣ. ನನ್ನ ಫೋನ್ ತಮ್ಮ ಕೈಯಲ್ಲಿರಲಿ. ಮನೆಯಿಂದ ಕರೆ ಬಂದು ಸಾಂಬಾರ್ ಪುಡಿ ಎಲ್ಲಿದೆ ಎಂದು ಕೇಳಿದರೆ, ಮದುವೆಯಾದಾಗಿನಿಂದ ಎಲ್ಲಿದೆಯೋ ಅಲ್ಲೇ ಇದೆ ಎಂದು ಹೇಳಿ ಇಟ್ಟುಬಿಡಿ.

ಇಂತಿ ತಮ್ಮ ನಿರೀಕ್ಷೆಯಲ್ಲಿರುವ,
ಇಬ್ಬರು ಮಕ್ಕಳ ತಾಯಿ